ಹೈಡ್ರೋಜನ್ ಲ್ಯಾಬಿನ ಮೂಗು

ನಾನು ಒಂದು ಮೂಗು. ಮುಖವಿಲ್ಲ, ಕೈಕಾಲಿಲ್ಲ. ಬರೀ ಮೂಗು, ಅದರ ಜೊತೆಗೊಂದು ಗಂಟಲು. ಎಲ್ಲಾದರೂ ಹೈಡ್ರೋಜನ್ ಸೋರಿದರೆ ಮೂಸಿ ನೋಡಿ ಕಿರುಚುವುದು ನನ್ನ ಕೆಲಸ. ಮನುಷ್ಯರಿಗೆ ಆ ಅನಿಲದ ವಾಸನೆ ಬರುವುದಿಲ್ಲ, ಬಣ್ಣ ಕಾಣುವುದಿಲ್ಲ, ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಉರಿಯೂ ಕಾಣುವುದಿಲ್ಲ. ಅಷ್ಟುದ್ದ ಮೂಗು ಇಟ್ಟುಕೊಂಡು ಏನು ಬಂತು! ಅದಕ್ಕೇ ನನ್ನನ್ನು ಮಾಡಿಕೊಂಡರು. ಜನ ನನ್ನನ್ನು ಡಿಟೆಕ್ಟರ್ ಎನ್ನುತ್ತಾರೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಸಾಲಾಗಿ ಕೂತು ಬೆಸುಗೆ ಹಾಕುತ್ತಿದ್ದರು. ಹಳದಿ ಡಬ್ಬಿ, ನಡುವೆ ರೂಪಾಯಿ ಅಗಲದ ಒಂದು ಸಣ್ಣ ಜಾಲರಿ, ಅದರ ಹಿಂದೆ ನನ್ನ ಜೀವ. ಜಾಲರಿಯ ಕೆಳಗೆ ಸೊನ್ನೆಯಿಂದ ಸಾವಿರದವರೆಗೆ ಅಂಕಿ ತೋರಿಸುವ ಪಟ್ಟಿ. ಮೊದಲ ಸಲ ನನ್ನ ಮುಂದೆ ಅನಿಲ ಬಿಟ್ಟಾಗ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಚಹಾದಂಗಡಿಯವನು ಬಂದು ಬೈದು ಹೋದ.

ಮೊದಲ ನೌಕರಿ ಸಿಕ್ಕಿದ್ದು ವನಸ್ಪತಿ ಮಾಡುವ ಒಂದು ಕಾರ್ಖಾನೆಯಲ್ಲಿ. ಎಣ್ಣೆಗೆ ಹೈಡ್ರೋಜನ್ ಕುಡಿಸಿದರೆ ಅದು ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಅಲ್ಲಿ ನನ್ನನ್ನು ಹದಿನೆಂಟು ಅಡಿ ಎತ್ತರದ ಕಬ್ಬಿಣದ ತೊಲೆಗೆ ಬಿಗಿದಿದ್ದರು. ಏಳು ವರ್ಷ ಇದ್ದೆ, ಹನ್ನೊಂದು ಸಲ ಕೂಗಿದೆ. ಕೂಗಿದಾಗಲೆಲ್ಲ ನೂರಾರು ಜನ ಕೈಯಲ್ಲಿದ್ದದ್ದು ಬಿಟ್ಟು ಹೊರಗೆ ಓಡುತ್ತಿದ್ದರು. ಒಮ್ಮೆ ಮಾಲೀಕರೇ ಊಟದ ತಾಟು ಬಿಟ್ಟು, ಎಂಜಲು ಕೈಯಲ್ಲಿ, ಬನಿಯನ್ನಿನಲ್ಲಿ ಓಡಿದರು. ಆ ಸಲ ನಿಜವಾಗಿಯೂ ಸೋರಿತ್ತು. ನನ್ನ ಮಾತಿಗೆ ಅಷ್ಟು ಬೆಲೆ ಇದ್ದ ಕಾಲ ಅದು. ಆಮೇಲೆ ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂತು, ಕಾರ್ಖಾನೆಗೆ ಬೀಗ ಬಿತ್ತು. ಹರಾಜಿನಲ್ಲಿ ನನ್ನನ್ನು ಒಂದು ಇಂಜಿನಿಯರಿಂಗ್ ಕಾಲೇಜಿನವರು ಕೊಂಡರು. ಕಾಲೇಜಿನ ಹೆಸರು ಬೇಡ. ಎಷ್ಟೆಂದರೂ ಉಪ್ಪು ತಿಂದ ಮನೆ.

ಕಾಲೇಜಿನ ಎರಡನೇ ಮಹಡಿಯ ಲ್ಯಾಬಿನಲ್ಲಿ ನನ್ನನ್ನು ಬರಮಾಡಿಕೊಂಡವರು ಅಡಿವೆಪ್ಪ, ಅಲ್ಲಿನ ಸಹಾಯಕರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಸ್ಕ್ರೂಡ್ರೈವರ್. ಯಂತ್ರಗಳ ಜೊತೆ ಮಾತಾಡುವುದು ಅವರ ರೂಢಿ. ನನ್ನನ್ನು ಗೋಡೆಗೆ ಬಿಗಿಯುತ್ತ, "ಇಲ್ಲೇ ಇರಪಾ ಹಳದಿರಾಯ. ಏನರ ವಾಸನಿ ಬಂತಂದ್ರ ಒಂದ್ ದನಿ ಹಾಕು," ಅಂದರು. ನನಗೆ ಆ ಮನುಷ್ಯ ಅವತ್ತೇ ಹಿಡಿಸಿಬಿಟ್ಟರು.

ನನ್ನ ಕೆಳಗಿನ ಮೇಜಿನ ಮೇಲೆ ಕಸ್ತೂರಿ ಕಮ್ಮಾರ ಎಂಬ ಹುಡುಗಿಯ ಪ್ರಯೋಗ ನಡೆದಿತ್ತು. ಪಿಎಚ್.ಡಿ.ಯ ಐದನೇ ವರ್ಷ. ನೀರಿಗೆ ಕರೆಂಟು ಕೊಟ್ಟು ಒಡೆದರೆ ಹೈಡ್ರೋಜನ್ ಬರುತ್ತದೆ. ಅದನ್ನು ಉರಿಸಿದರೆ ಹೊಗೆಯಿಲ್ಲ, ಮಸಿಯಿಲ್ಲ, ಮತ್ತೆ ನೀರೇ. ಕರೆಂಟನ್ನು ಬಿಸಿಲಿನಿಂದ ತೆಗೆದರಂತೂ ಲೋಕದ ಸೆಕೆಗೆ ಒಂದು ಪಾಲೂ ಸೇರುವುದಿಲ್ಲ. ಆದರೆ ನೀರನ್ನು ಸುಲಭವಾಗಿ ಒಡೆಯಲು ದುಬಾರಿ ಲೋಹಗಳ ಲೇಪ ಬೇಕು. ಕಸ್ತೂರಿ ಅದರ ಬದಲಿಗೆ ತಂದದ್ದು ಕಬ್ಬಿಣದ ಕಿಟ್ಟ. ಅವಳ ಅಪ್ಪ ಮೌನೇಶಪ್ಪ ಊರಿನಲ್ಲಿ ಕುಲುಮೆ ಇಟ್ಟವರು. ಕಾದ ಕಬ್ಬಿಣವನ್ನು ಬಡಿದಾಗ ಅಡಿಗಲ್ಲಿನ ಸುತ್ತ ಉದುರುವ ಕರಿ ಹಕ್ಕಳೆಯನ್ನು ಅವರು ಗುಡಿಸಿ, ಸೋಸಿ, ಹಾಲಿನ ಡಬ್ಬಿಯಲ್ಲಿ ತುಂಬಿ ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದರು. ಅದನ್ನು ಅರೆದು, ಹದಮಾಡಿ, ನಿಕ್ಕಲ್ ತಂತಿಯ ಜಾಳಿಗೆಗೆ ಮೆತ್ತಿದರೆ ಕಸ್ತೂರಿಯ ಲೇಪ ತಯಾರು.

ಕೊಟ್ಟ ಕರೆಂಟಿಗೆ ಲೆಕ್ಕದ ಪ್ರಕಾರ ನೂರು ಪಾಲು ಅನಿಲ ಬರಬೇಕು. ಅವಳ ನೀರೊಡೆಯುವ ಯಂತ್ರದಿಂದ ತೊಂಬತ್ತಾರು ಬರುತ್ತಿತ್ತು. ಅವಳ ಮಾರ್ಗದರ್ಶಕರು ಡಾ. ಇನಾಮತಿ. ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅವರೇ ಅಳತೆಯ ಕೊಳವೆಯನ್ನು ಮೂರು ಸಲ ಓದಿ, "ಭಲೇ ಕಸ್ತೂರಿ! ಅಪ್ಪನ ಹೆಸರು ಉಳಿಸಿದಿ," ಅಂದರು. ಇನ್ನು ಉಳಿದದ್ದು ಒಂದೇ ಪರೀಕ್ಷೆ. ನಲವತ್ತು ದಿನ ನಿಲ್ಲಿಸದೆ ನಡೆಸಿ ಲೇಪ ಬಾಳುತ್ತದೆಂದು ತೋರಿಸಬೇಕು. ನಲವತ್ತೊಂದನೇ ದಿನ ಹಣ ಕೊಡುವ ಸಮಿತಿ ಬರುವುದಿತ್ತು. ಗೆದ್ದರೆ ದೊಡ್ಡ ಯಂತ್ರ, ಅವಳಿಗೆ ಪದವಿ. ಸೋತರೆ ಯೋಜನೆ ಬಂದ್. ಅವಳಿಗೆ ಮತ್ತೆ ಅವಧಿ ಕೊಡುವುದಿಲ್ಲವೆಂದು ಕಾಲೇಜು ಮೊದಲೇ ಬರೆದುಕೊಟ್ಟಿತ್ತು.

ಪರೀಕ್ಷೆ ಶುರುವಾಗಬೇಕಾದದ್ದು ದಸರೆ ಮುಗಿದ ಮರುದಿನ. ಅದಕ್ಕೆ ಮೊದಲು ಖಂಡೇನವಮಿ ಬಂತು.

ಆಯುಧಗಳಿಗೆ, ಯಂತ್ರಗಳಿಗೆ ಪೂಜೆ ಮಾಡುವ ದಿನ. ಕಾರ್ಖಾನೆಯಲ್ಲೂ ಮಾಡುತ್ತಿದ್ದರು, ಆದರೆ ನಾನು ತೊಲೆಯ ಮೇಲೆ ಇದ್ದೆನಲ್ಲ, ಯಾರ ಕೈಗೂ ಎಟುಕುತ್ತಿರಲಿಲ್ಲ. ಇಲ್ಲಿ ಅಡಿವೆಪ್ಪ ಲ್ಯಾಬನ್ನೆಲ್ಲ ತೊಳೆದು, ಮೇಜಿಗೆ ಚೆಂಡುಹೂವು ಕಟ್ಟಿ, ತೂಕದ ಯಂತ್ರದಿಂದ ಹಿಡಿದು ಕರೆಂಟಿನ ಮೀಟರಿನವರೆಗೆ ಒಬ್ಬೊಬ್ಬರಿಗೂ ವಿಭೂತಿ ಎಳೆದರು. ಕೊನೆಗೆ ಸ್ಟೂಲ್ ಹತ್ತಿ ನನ್ನ ಎದುರು ನಿಂತರು. ಬರೀ ಕುಂಕುಮ ಉದುರಿಹೋಗುತ್ತದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತಂದಿದ್ದರು. ಬೆರಳಿನಲ್ಲಿ ತೆಗೆದುಕೊಂಡು ಹಣೆ ಹುಡುಕಿದರು. ನನ್ನ ಮೈಯಲ್ಲಿ ಹಣೆಯ ಹಾಗೆ ದುಂಡಗೆ, ನಟ್ಟನಡುವೆ ಇದ್ದದ್ದು ಒಂದೇ ಜಾಗ, ಆ ಜಾಲರಿ.

ಅಯ್ಯೋ, ಅಲ್ಲಿ ಬೇಡ ಮಾರಾಯರೇ, ಅದು ಮೂಗು! ಹೇಳುವುದು ಹೇಗೆ? ನನಗೆ ಬರುವುದು ಒಂದೇ ಕೂಗು, ಅದೂ ಹೈಡ್ರೋಜನ್ ಬಂದರೆ ಮಾತ್ರ. ಅವರು ದಪ್ಪಗೆ, ಪ್ರೀತಿಯಿಂದ, ತಿರುವಿ ತಿರುವಿ ಹಚ್ಚಿದರು. ಎಣ್ಣೆ ಒಳಕ್ಕಿಳಿಯಿತು, ಕುಂಕುಮ ರಂಧ್ರಗಳಲ್ಲಿ ಕೂತಿತು. ನನ್ನ ಉಸಿರು ಅಲ್ಲಿಗೇ ಕಟ್ಟಿತು. "ಕಸ್ತೂರೆವ್ವನ ಕೆಲಸಾ ಹೂವಿನಂಗ ಆಗ್ಲಿ," ಎಂದು ಕೈಮುಗಿದರು. ಬೈಯಬೇಕೆಂದರೆ ಆ ಮುಖ ನೋಡಿ ಬೈಯಲೂ ಮನಸ್ಸು ಬರಲಿಲ್ಲ.

ಪೂಜೆಯ ಕುಂಕುಮ ಒರೆಸಬಾರದು. ಮುಂದಿನ ವರ್ಷ ಹೊಸದು ಹಚ್ಚುವವರೆಗೆ ಹಾಗೇ ಬಿಡಬೇಕು. ಅದು ಆ ಲ್ಯಾಬಿನ ಪದ್ಧತಿ.

ಪರೀಕ್ಷೆ ಶುರುವಾಗುವ ಬೆಳಿಗ್ಗೆ ಕಸ್ತೂರಿ ಮತ್ತು ಅಡಿವೆಪ್ಪ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ನಿಜ, ತಣ್ಣಗಿದ್ದಾಗ ಎಲ್ಲ ಬಿಗಿಯಾಗಿಯೇ ಇತ್ತು. ಆದರೆ ಐದನೇ ದಿನದ ಹೊತ್ತಿಗೆ ಯಂತ್ರದೊಳಗೆ ಕಾಯ್ದ ಕ್ಷಾರದ ನೀರಿನ ಬಿಸಿಗೆ ಮೇಲಿನ ಕೊಳವೆಯ ರಬ್ಬರ್ ಉಂಗುರ ಸಡಿಲವಾಯಿತು. ಅನಿಲ ಅಳತೆಯ ಕೊಳವೆಗೆ ಹೋಗುವ ಮೊದಲೇ ಒಂದಿಷ್ಟು ಅಲ್ಲಿಂದ ಹೊರಬಿದ್ದು, ಮೇಲೇರಿ, ನನ್ನ ಮುಖಕ್ಕೆ ಬಡಿದು, ಕಿಟಕಿಯಿಂದ ಹೊರಟುಹೋಗುತ್ತಿತ್ತು. ಕಿಟಕಿ ತೆರೆದಿತ್ತು, ಪುಣ್ಯ. ಇಲ್ಲದಿದ್ದರೆ ಜೀವಗಳೇ ಹೋಗುತ್ತಿದ್ದವು. ನನಗೆ ಗೊತ್ತಾಗಲಿಲ್ಲ. ಮೂಗೇ ಇಲ್ಲದ ಮೂಗಿಗೆ ಏನು ಗೊತ್ತಾಗುತ್ತದೆ? ನನ್ನ ಪಟ್ಟಿಯಲ್ಲಿ ಸೊನ್ನೆ, ಪಕ್ಕದಲ್ಲಿ ಹಸಿರು ದೀಪ. ಇದೆಲ್ಲ ತಿಳಿದದ್ದು ಆಮೇಲೆ.

ತೊಂಬತ್ತಾರು ತೊಂಬತ್ತಾಯಿತು. ಎಂಬತ್ತನಾಲ್ಕಾಯಿತು. ಹದಿನೆಂಟನೇ ದಿನ ಎಪ್ಪತ್ತೊಂದು. ಕಸ್ತೂರಿ ಊಟ ಬಿಟ್ಟಳು. ಇನಾಮತಿಯವರ ಎದುರು ನಿಂತು, "ಸರ್, ಒಳಗ ಹೋಗೋ ಕರೆಂಟ್ ಒಂಚೂರೂ ಬದಲಾಗಿಲ್ರಿ. ಲೇಪ ಸತ್ತಿದ್ರ ಅದೂ ಬದಲಾಗ್ಬೇಕಿತ್ತು. ಎಲ್ಲೋ ಸೋರಾಕತ್ತೈತ್ರಿ," ಅಂದಳು.

ಇನಾಮತಿಯವರು ಕತ್ತೆತ್ತಿ ನನ್ನನ್ನು ನೋಡಿದರು. "ಸೋರಿದ್ರ ಅದು ಸುಮ್ನ ಇರ್ತಿತ್ತೇನವಾ? ಸೊನ್ನಿ ತೋರ್ಸಾಕತ್ತೈತಿ."

"ಒಮ್ಮೆ ನಿಲ್ಲಿಸಿ ಬಿಚ್ಚಿ ನೋಡ್ಲೇನ್ರಿ?"

"ನಿಲ್ಲಿಸಿದ್ರ ನಲವತ್ತು ದಿನದ ಪರೀಕ್ಷಾ ಅಲ್ಲಿಗೇ ಮುಗೀತು. ಮತ್ತ ಮೊದಲಿಂದ ಮಾಡಾಕ ದಿನಾ ಎಲ್ಲಿ ಅದಾವು?"

ಯಂತ್ರದ ಸುತ್ತ ಮೇಲ್ಭಾಗ ತೆರೆದ ಗಾಜಿನ ಪೆಟ್ಟಿಗೆಯಿತ್ತು, ಬಿಸಿಯಿರುವಾಗ ಅದರ ಬಾಗಿಲು ತೆಗೆಯಬಾರದೆಂಬುದು ಲ್ಯಾಬಿನ ನಿಯಮ. ಆದ್ದರಿಂದ ಓಡುತ್ತಿರುವಾಗಲೇ ಸೋಪಿನ ನೀರು ಹಚ್ಚುವಂತೆಯೂ ಇರಲಿಲ್ಲ. ಕಸ್ತೂರಿ ಅಡಿವೆಪ್ಪನವರ ಕಡೆ ತಿರುಗಿದಳು. "ಕಾಕಾ, ಇದು ಸರಿಯಾಗಿ ಕೆಲಸಾ ಮಾಡಾಕತ್ತೈತಿ ಹೌದಲ್ರಿ?"

"ಈಗ ತೋರಸ್ತೀನಿ ತಡಿಯವಾ," ಎಂದು ಅಡಿವೆಪ್ಪ ಸ್ಟೂಲ್ ಹತ್ತಿ ನನ್ನ ಪಕ್ಕದ ಪರೀಕ್ಷೆಯ ಗುಂಡಿ ಒತ್ತಿದರು.

ಆ ಗುಂಡಿಯ ಕಥೆ ಕೇಳಿ. ಅದು ನೋಡುವುದು ನನ್ನ ಗಂಟಲನ್ನು, ಮೂಗನ್ನಲ್ಲ. ಒತ್ತಿದರೆ ನಾನು ಕೂಗಲೇಬೇಕು, ನನ್ನ ಇಷ್ಟ ಯಾರೂ ಕೇಳುವುದಿಲ್ಲ. ಕೂಗಿದೆ. ಕಟ್ಟಡವೆಲ್ಲ ಕೇಳುವ ಹಾಗೆ ಕೂಗಿದೆ. ಕೂಗುತ್ತ ಕೂಗುತ್ತ ನನ್ನ ಮೇಲೆ ನನಗೇ ಅಸಹ್ಯವಾಯಿತು. "ಕೇಳಿದೇನವಾ? ಗುಂಡುಕಲ್ಲಿನಂಗ ಐತಿ," ಎಂದು ಅಡಿವೆಪ್ಪ ಸಂತೋಷದಿಂದ ಇಳಿದರು. ಕಸ್ತೂರಿಯ ಮುಖ ಬಾಡಿತು. ಅವಳ ಲೇಪದ ಮೇಲೆ ಅವಳಿಗೇ ಅವತ್ತು ಅನುಮಾನ ಹುಟ್ಟಿತು. ಅದನ್ನು ಹುಟ್ಟಿಸಿದವನು ನಾನು.

ನಲವತ್ತೊಂದನೇ ದಿನ ಸಮಿತಿಯವರು ಮೂವರು ಬಂದರು. ಅಳತೆ ಐವತ್ತೆಂಟರಲ್ಲಿತ್ತು. ಅವರಲ್ಲಿ ವಯಸ್ಸಾದ ಒಬ್ಬಾಕೆ ಒಳ್ಳೆಯವರು. ಸೋರಿಕೆ ಇರಬಹುದೇ ಎಂದು ತಾವಾಗಿಯೇ ಕೇಳಿದರು. ಇನಾಮತಿಯವರು ನಲವತ್ತು ದಿನದ ನನ್ನ ಅಂಕಿಗಳ ಹಾಳೆ ಮುಂದಿಟ್ಟರು. ಸೊನ್ನೆ, ಸೊನ್ನೆ, ಸೊನ್ನೆ. ಆಕೆ ಕನ್ನಡಕ ತೆಗೆದು, "ಹಾಗಾದರೆ ಕಿಟ್ಟ ಬಾಳುವುದಿಲ್ಲಮ್ಮ. ಬೇಸರ ಮಾಡ್ಕೋಬೇಡ," ಅಂದರು. ಗೋಡೆಯ ಮೇಲೆ ನೇತುಬಿದ್ದು ನಾನು ಅದನ್ನೆಲ್ಲ ಕೇಳಿಸಿಕೊಂಡೆ. ಬಿದ್ದು ಒಡೆದು ಹೋಗೋಣವೆಂದರೂ ಅಡಿವೆಪ್ಪ ಹಾಕಿದ ಸ್ಕ್ರೂ ಬಲು ಗಟ್ಟಿ.

ಕಸ್ತೂರಿ ಮೇಜು ಖಾಲಿ ಮಾಡಿ ಹೋದಳು. ಕೊಪ್ಪಳದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಅಡಿವೆಪ್ಪ ಯಾರಿಗೋ ಹೇಳುತ್ತಿದ್ದರು. ಕಿಟ್ಟ ಮೆತ್ತಿದ ನಿಕ್ಕಲ್ ಜಾಳಿಗೆಗಳು ಹಳೇ ಸಾಮಾನಿನ ಜೊತೆ ಗುಜರಿಗೆ ಹೋದವು. ಆ ಮೇಜಿಗೆ ಬೇರೆ ಯಾರದೋ ಪ್ರಯೋಗ ಬಂತು, ಅದಕ್ಕೊಂದು ಹೈಡ್ರೋಜನ್ ಸಿಲಿಂಡರ್ ಬಂತು.

ಒಂದು ವರ್ಷ ಕಳೆಯಿತು. ಮತ್ತೆ ಖಂಡೇನವಮಿ. ಅಡಿವೆಪ್ಪನವರಿಗೆ ಇದು ಕೊನೆಯ ಪೂಜೆ. ಹೊಸದು ಹಚ್ಚಲು ಹಳೆಯ ಕುಂಕುಮ ತೆಗೆಯಬೇಕಲ್ಲ, ಬಟ್ಟೆಗೆ ಸ್ಪಿರಿಟ್ ಹಾಕಿಕೊಂಡು ತಿಕ್ಕಿ ತಿಕ್ಕಿ ಒರೆಸಿದರು. ಬಟ್ಟೆ ಕೆಂಪಾಯಿತು. ಸ್ಪಿರಿಟ್ ಆರಿದ ಮೇಲೆ ನನಗೆ ಉಸಿರು ಬಂತು. ಕೆಳಗೆ ಅವರು ಸಿಲಿಂಡರಿನ ಧೂಳು ಹೊಡೆಯುತ್ತ ಅದರ ಮೂತಿಯನ್ನು ಒಂದು ಕ್ಷಣ ಸಡಿಲಿಸಿ ಬಿಗಿದರು. ವರ್ಷವೆಲ್ಲ ಹಾಗೆ ಮಾಡುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ಅವತ್ತು ಕಿರುಚಿದೆ.

ಅಡಿವೆಪ್ಪ ಬೆಚ್ಚಿಬಿದ್ದು ಮೇಲೆ ನೋಡಿದರು. ಕೈಯಲ್ಲಿದ್ದ ಬಟ್ಟೆ ನೋಡಿದರು. ಮತ್ತೆ ನನ್ನನ್ನು ನೋಡಿದರು. ಕುಂಕುಮದ ಬಟ್ಟಲು ಮೇಜಿನ ಮೇಲಿಟ್ಟು ನೆಲದ ಮೇಲೇ ಕೂತುಬಿಟ್ಟರು. "ಶಿವನ, ಏನ್ ಮಾಡಿದ್ನಿ ನಾನು," ಅಂದರು.

ಹಬ್ಬ ಮುಗಿದ ಮೇಲೆ ಸ್ಟೋರಿನಲ್ಲಿ ಕಸ್ತೂರಿಯ ಹಳೆಯ ಕೊಳವೆ ಹುಡುಕಿ, ಅದರ ರಬ್ಬರ್ ಉಂಗುರ ಸಡಿಲವಾಗಿದ್ದನ್ನು ಕಂಡು, ಹೋಗಿ ಇನಾಮತಿಯವರಿಗೆ ಎಲ್ಲ ಹೇಳಿದರು. ಅವರು ಎದ್ದು ಕೋಣೆಯ ಬಾಗಿಲು ಹಾಕಿದರಂತೆ. ಆಮೇಲೆ, "ಅಡಿವೆಪ್ಪ, ಫೈಲ್ ಮುಚ್ಚೇತಿ. ಈಗ ತಗದ್ರ ನಿನ್ನ ಪಿಂಚಣಿಗೂ ಸಂಚಕಾರ, ನನ್ನ ಹೆಸರಿಗೂ," ಅಂದರಂತೆ. ನಾನು ಕೆಟ್ಟಿದ್ದೇನೆಂದು ಒಂದು ಚೀಟಿ ಬರೆದು, ಗೋಡೆಯಿಂದ ಇಳಿಸಿ ಸ್ಟೋರಿಗೆ ಹಾಕಲು ಹೇಳಿದರು. ಮೂಗು ಕಟ್ಟಿದ್ದ ವರ್ಷವೆಲ್ಲ ನಾನು ಸರಿಯಿದ್ದೆ, ಮೂಗು ಬಂದ ವಾರಕ್ಕೆ ಕೆಟ್ಟವನಾದೆ. ಇರಲಿ. ನನ್ನ ದುಃಖ ಅದಲ್ಲ.

ಸ್ಟೋರಿನಲ್ಲಿ ಮುರಿದ ಕುರ್ಚಿಗಳ ನಡುವೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅಡಿವೆಪ್ಪ ಕಸ್ತೂರಿಗೆ ಫೋನ್ ಮಾಡಿದರು. ತಪ್ಪನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಅಳುತ್ತ, "ನನ್ನ ಬೈ ಯವ್ವಾ," ಅಂದರು.

ಅವಳು ಕೇಳಿದ್ದು ಒಂದೇ. "ಹಂಗಾರ ಅದು ಸತ್ತಿರ್ಲಿಲ್ರಿ, ಕಾಕಾ?"

"ಇಲ್ಲವಾ. ಕಡೀತನಕ ಚಲೋ ಇತ್ತು."

"ನನಗ ಈಗ ಕ್ಲಾಸ್ ಐತ್ರಿ," ಅಂದಳು. "ಒಂದ್ ಕೆಲಸಾ ಮಾಡ್ರಿ. ಇದನ್ನ ನಮ್ಮಪ್ಪಗ ಹೇಳ್ರಿ. ತನ್ನ ಕಿಟ್ಟಾನ ಖೊಟ್ಟಿ ಇತ್ತು, ಮಗಳ ಓದು ತನ್ನಿಂದ ಹಾಳಾತು ಅಂತ ತಿಳ್ಕೊಂಡು ಅಂವಾ ಕುಲಮಿ ಹಚ್ಚೋದ ಬಿಟ್ಟಾನ್ರಿ. ನಾ ಎಷ್ಟ್ ಹೇಳಿದ್ರೂ ಸಮಾಧಾನಕ್ಕ ಹೇಳ್ತಾಳ ಅಂತಾನ. ನೀವು ಹೇಳಿದ್ರ ನಂಬತಾನ."

ಅಡಿವೆಪ್ಪ ಕಣ್ಣೊರೆಸಿಕೊಂಡು ಅವಳು ಕೊಟ್ಟ ನಂಬರಿಗೆ ಹಚ್ಚಿದರು. ಮೌನೇಶಪ್ಪನವರೇ ಎತ್ತಿದರು. ಐವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಕೂತ ಕಿವಿ, ಮೆಲ್ಲಗೆ ಹೇಳಿದ್ದು ಒಳಗೆ ಹೋಗಲಿಲ್ಲ.

"ಏನಂದ್ರಿ?"

"ನಿಮ್ಮ ಕಿಟ್ಟಾ ಚಲೋ ಇತ್ರಿ, ಯಜಮಾನ್ರ!"

"ಯಾರ್ರೀ? ಏನೂ ಕೇಳವಲ್ದು!"

ಅಡಿವೆಪ್ಪ ಎದ್ದು ನಿಂತರು. ನಾನು ತೊಡೆಯಿಂದ ಜಾರಿ ಮುರಿದ ಕುರ್ಚಿಯ ಮೇಲೆ ಬಿದ್ದೆ. ಆ ಬಡ ಮನುಷ್ಯ ಕುತ್ತಿಗೆಯ ನರ ಉಬ್ಬಿಸಿಕೊಂಡು, ಗೋಡೆಗಳು ಅದುರುವ ಹಾಗೆ ಕೂಗಿದರು. "ನಿಮ್ಮ ಕಿಟ್ಟಾ ಚಲೋ ಇತ್ತು! ನಿಮ್ಮ ಕಿಟ್ಟಾ ಚಲೋ ಇತ್ತು!" ಅತ್ತ ಕಡೆಯಿಂದ ಮತ್ತೆ ಮತ್ತೆ "ಏನಂದ್ರಿ?" ಎಂದೇ ಬರುತ್ತಿತ್ತು. ನನಗೊಂದು ಗಂಟಲಿತ್ತು, ಕಟ್ಟಡವೆಲ್ಲ ಕೇಳುವಂಥದು. ಆದರೆ ಸ್ಟೋರಿನಲ್ಲಿ ಕರೆಂಟು ಇರಲಿಲ್ಲ.