ಹಿಂಬಾಗಿಲ ಚಿಲಕ

ಮಗಳ ಜಡೆ ಅರ್ಧಕ್ಕೆ ಬಂದಿತ್ತು, ಮೂರೆಳೆಯೂ ಬೆರಳಿನ ಸಂದಿಯಲ್ಲಿತ್ತು, ಅಷ್ಟರಲ್ಲಿ ಫೋನು — ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಳು, ತಲೆ ಅಲ್ಲಾಡಿಸಬೇಡ ಪುಟ್ಟಿ, ಆ ಕಡೆ ಪಕ್ಷದ ಯಜಮಾನರು, ಏನಮ್ಮಾ ಶಾಸಕರೇ, ತಿಂಡಿ ಆಯ್ತಾ, ತಿಂಡಿ ವಿಚಾರಿಸಲು ಯಾರೂ ಇಷ್ಟು ಬೆಳಿಗ್ಗೆ ಫೋನು ಮಾಡುವುದಿಲ್ಲ, ಮಂತ್ರಿ ಆಗೋರ ಪೈಕಿ ನಿಮ್ಮ ಹೆಸರೂ ಇದೆ, ಊರ ಕಸ ಕೆಳಬೀದಿ ಹಿಂದಿನ ಬಯಲಿಗೆ ಸುರಿಯೋಕೆ ನೀವೊಂದು ಹ್ಞೂಂ ಅಂದ್ರೆ ಆಯ್ತು, ಜನ ನಾಕು ದಿನ ಕೂಗ್ತಾರೆ, ಆಮೇಲೆ ಮೂಗು ತಾನೇ ಒಗ್ಗಿಕೊಳ್ಳುತ್ತೆ. ಒಗ್ಗಿಕೊಳ್ಳುತ್ತೆ, ಹೌದು, ಅವಳು ತಾನೇ ಯಾವುದಕ್ಕೆ ಒಗ್ಗಿಲ್ಲ, ಮುಂಬಾಗಿಲ ಕಾವಲಿನವನಿಗೆ, ಕುರ್ಚಿಯ ಬೆನ್ನಿನ ಬಿಳಿ ಟವೆಲ್ಲಿಗೆ, ಆರಿದ ಚಹಾಕ್ಕೆ — ಟಕ್ ಟಕ್, ಹಿಂಬಾಗಿಲು, ಬೆರಳ ಗೆಣ್ಣಿನಿಂದ ಹಾಗೆ ಬಡಿಯುವವಳು ಒಬ್ಬಳೇ, ಕೆಳಬೀದಿಯ ಸೊಪ್ಪಿನವಳು, ಪುರಸಭೆ ಚುನಾವಣೆಗೆ ನೀನೇ ನಿಲ್ಲಕ್ಕ ಎಂದು ಮೊದಲು ಹೇಳಿದವಳು, ನಿನಗೆ ಮಾತು ಬರುತ್ತೆ, ನಮಗೆ ಬರೀ ಬೈಗುಳ ಬರುತ್ತೆ. ಆಗ ಆ ಬಾಗಿಲಿಗೆ ಚಿಲಕವೇ ಹಾಕುತ್ತಿರಲಿಲ್ಲ, ಚರಂಡಿ ಕಟ್ಟಿದೆ, ನಲ್ಲಿ ಬತ್ತಿದೆ ಎಂದು ಬಂದವರೆಲ್ಲ ಅಡುಗೆಮನೆ ಹೊಸಿಲ ಮೇಲೆ ಕೂರುತ್ತಿದ್ದರು, ಬಂದವರ ಮಡಿಲಿಗೆ ಒಂದು ಬೊಗಸೆ ಬಟಾಣಿ ಹಾಕಿಬಿಡುತ್ತಿದ್ದಳು, ಸುಲೀತಾ ಹೇಳು, ಕೈಗೆ ಕೆಲಸವಿದ್ದರೆ ಬಾಯಿ ಸುಳ್ಳು ಹೇಳುವುದಿಲ್ಲ, ಅತ್ತೆ ನಗುತ್ತಿದ್ದರು, ನಿನ್ನ ಪುರಸಭೆಯಿಂದ ನಮ್ಮನೆ ತರಕಾರಿನಾದ್ರೂ ಬಿಡಿಸಿ ಆಗ್ತಿದೆಯಲ್ಲ. ಅಧ್ಯಕ್ಷೆಯಾದಳು, ಬಟಾಣಿ ಸುಲಿಯಲು ಆಳು ಬಂದಳು, ಶಾಸಕಿಯಾದಳು, ಹಿಂಬಾಗಿಲಿಂದ ಜನ ಬಂದ್ರೆ ನೋಡಿದವರು ಏನಂದ್ಕೊಳ್ತಾರೆ ಎಂದರು ಇದೇ ಪಕ್ಷದ ಯಜಮಾನರು, ಅವಳೇ ಹಾಕಿದಳು, ಉದ್ದನೆಯ ಕಬ್ಬಿಣದ ಚಿಲಕ, ಮೊದಮೊದಲು ಹೊಳೆಯುತ್ತಿತ್ತು. ಹಲೋ, ಕೇಳಿಸ್ತಿದೆಯಾ, ಕೇಳಿಸ್ತಿದೆ ಸರ್, ಸ್ವಲ್ಪ ಯೋಚಿಸಿ ಹೇಳ್ತೀನಿ, ಯೋಚಿಸೋಕೇನಿದೆ ತಾಯಿ, ಬಸ್ಸು ಹೊರಟ ಮೇಲೆ ಚಿಲ್ಲರೆ ಹುಡುಕ್ತೀರಾ. ಹ್ಞೂಂ ಎಂದರೆ ಕೆಳಬೀದಿಯ ಬಾಗಿಲುಗಳೆಲ್ಲ ಹಗಲಲ್ಲೂ ಮುಚ್ಚಿಕೊಳ್ಳುತ್ತವೆ, ಸೊಪ್ಪಿನ ಮೇಲೆ ನೊಣ ಕೂರುತ್ತದೆ, ಉಹ್ಞೂಂ ಎಂದರೆ ಮುಂದಿನ ಸಲ ಟಿಕೆಟ್ಟೇ ಇಲ್ಲ, ಇನ್ನೊಬ್ಬರು ಹ್ಞೂಂ ಅನ್ನುತ್ತಾರೆ, ಎಷ್ಟು ಸಲ ಹೀಗೇ ಸಮಾಧಾನ ಮಾಡಿಕೊಂಡಿಲ್ಲ, ನಾನಲ್ಲದಿದ್ದರೆ ಇನ್ನೊಬ್ಬರು — ಟಕ್ ಟಕ್, ಅಕ್ಕಾ, ಇದ್ದೀಯೇನಕ್ಕಾ, ದನಿ ಸಣ್ಣಗೆ, ಹೋದ ವಾರವೂ ಹೀಗೇ ಬಂದಿದ್ದಳು, ಇವಳು ಒಲೆ ಮುಂದೆ ಸೌಟು ಹಿಡಿದು ಉಸಿರು ಬಿಗಿಹಿಡಿದಿದ್ದಳು, ಬಾಯಿ ತೆರೆದ ಮಗಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಿದ್ದಳು, ಮಗಳು ಚಿಲಕವನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಅಂದಿನಿಂದ ಏನನ್ನೋ ನುಂಗಿಕೊಂಡೇ ಓಡಾಡುತ್ತಿದೆ, ಅನ್ನದ ಜೊತೆ, ಹಾಲಿನ ಜೊತೆ. ಸುಸ್ತು, ಕಾಲಿಗಲ್ಲ, ಮೈಗಲ್ಲ, ಹ್ಞೂಂ ಹ್ಞೂಂ ಎಂದೇ ಸವೆದ ಗಂಟಲಿಗೆ, ಈ ಜಡೆಯೊಂದು ಮುಗಿದರೆ ಸಾಕು, ಎಳೆ ಜಾರುತ್ತಿದೆ, ಹೇಳಿ ಶಾಸಕರೇ, ನಿಮ್ಮ ಮಾತಿಗೇ ಕಾಯ್ತಿದ್ದೀನಿ, ಅಡುಗೆಮನೆಯಾಚೆ ಬಾಗಿಲು, ಬಾಗಿಲಿಗೆ ಚಿಲಕ, ಕಂದುಗಟ್ಟಿದೆ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಯುತ್ತಿತ್ತು, ಎಣ್ಣೆ ಕೈಯಲ್ಲೇ ಇದೆ, ಬೆರಳ ತುಂಬ, ಚಿಲಕ, ಟಕ್ ಟಕ್, ಚಿಲಕ — ಜಡೆ ಅವಳ ಕೈಯಿಂದ ಬಿಡಿಸಿಕೊಂಡು ಮಗಳು ತಿರುಗಿ ಕೂತಿತು.

ಅಮ್ಮಾ, ನಿಂಗೆ ನಿಜವಾಗ್ಲೂ ಕೇಳಿಸ್ತಿಲ್ವಾ?