ಬೆಂಚಿನ ನಡುವೆ ಒಂದು ಪೆನ್ಸಿಲ್ ಗೆರೆ

ಮೂರನೇ ಕ್ಲಾಸಿನ ಉದ್ದ ಬೆಂಚೊಂದು ಕಾಲು ಅಲುಗಿ ಕಿರುಗುಟ್ಟುತ್ತಿತ್ತು. ಶಾಲೆಯವರು ಬಡಗಿಯನ್ನು ಕರೆಸಿದರು. ಅವನ ಮಗಳು ಪುಟ್ಟಿ ಕೂರುವುದೂ ಅದೇ ಬೆಂಚಿನಲ್ಲಿ. ಮರಗೆಲಸದಲ್ಲಿ ಬಡಗಿ ಎತ್ತಿದ ಕೈ. ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮೇಲೇ.

ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಅವನು ಬೆಂಚನ್ನು ಮಗುಚಿ ನೋಡಿದ. ಕಾಲಿನ ಗೂಟ ಸಡಿಲವಾಗಿತ್ತು, ಅಷ್ಟೇ. ಅರ್ಧ ಗಂಟೆ ಕೆಲಸ. ಆದರೆ ಅವನು ಬೆಂಚನ್ನು ನೆಟ್ಟಗೆ ನಿಲ್ಲಿಸಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಹಲಗೆಯ ನಟ್ಟನಡುವೆ ಒಂದು ಗೆರೆ ಎಳೆದ.

"ಇದೇನಣ್ಣ ಗೆರೆ?" ಎಂದರು ಪುಸ್ತಕ ಜೋಡಿಸುತ್ತಿದ್ದ ಮೇಡಂ.

"ನಾಳೆ ಬಂದು ಇದನ್ನ ಎರಡು ಮಾಡ್ತೀನಿ. ನನ್ನ ಮಗಳಿಗೊಂದು, ಆ ಹೊಸ ಹುಡುಗಿಗೊಂದು. ಹೆಚ್ಚಿಗೆ ಬೇಕಾಗೋ ಮರ ನನ್ನದೇ."

ಹೊಸ ಹುಡುಗಿಯ ಅಪ್ಪ ಅಮ್ಮ ರಸ್ತೆ ಕೆಲಸಕ್ಕೆ ದೂರದಿಂದ ಬಂದವರು. ಅವಳು ಶಾಲೆಗೆ ಸೇರಿ ಪುಟ್ಟಿಯ ಪಕ್ಕ ಕೂರತೊಡಗಿ ಎರಡು ತಿಂಗಳಾಗಿತ್ತು. ಇಲ್ಲಿನ ಮಾತು ಅವಳಿಗೆ ಇನ್ನೂ ಅರ್ಧಂಬರ್ಧ.

"ಯಾಕೆ, ಇಬ್ಬರೂ ಜಗಳ ಆಡಿದ್ರಾ?"

"ಆಡಿದ್ರೆ ಎಷ್ಟೋ ವಾಸಿಯಾಗಿತ್ತು! ಗಳಸ್ಯ ಕಂಠಸ್ಯ ಮೇಡಂ. ಅವಳಿಗೆ ಹೇಳಿಕೊಡ್ತಾ ನಮ್ಮವಳು ತನ್ನ ಪಾಠ ಮರೀತಾಳೆ. ಮನೇಲೂ ಅವರ ಮಾತೇ ಗುನುಗ್ತಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈಗ್ಲೇ ದೂರ ಕೂರಿಸಬೇಕು."

ಮೇಡಂ ನಕ್ಕರು. "ಗಾದೆ ಸರಿಯಾಗೇ ಹೇಳಿದ್ರಿ. ಯಾವ ಕಡೆ ಬಗ್ಗಿಸ್ತಿದ್ದೀರಿ ಅಂತ ಮಾತ್ರ ನೋಡ್ಕೊಳ್ಳಿ. ಪುಟ್ಟಿ ಮಗ್ಗಿ ತಪ್ಪದೆ ಹೇಳೋಕೆ ಶುರು ಮಾಡಿದ್ದೇ ಅವಳಿಗೆ ಹೇಳಿಕೊಟ್ಟ ಮೇಲೆ."

"ಅದಿರಲಿ. ನೀವು ಗೌರವ, ಕರುಣೆ ಅಂತ ಪಾಠ ಮಾಡಿದ್ರೆ ಮಕ್ಕಳಿಗೆ ಅಂಕ ಬರುತ್ತಾ?"

"ಅದನ್ನ ಪಾಠ ಮಾಡೋಕಾಗಲ್ಲಣ್ಣ. ಬೋರ್ಡ್ ಮೇಲೆ ನೂರು ಸಲ ಬರೆಸಿದ್ರೂ ಬರಲ್ಲ. ನಾವು ಹೇಗಿರ್ತೀವೋ ಮಕ್ಕಳು ಅದನ್ನೇ ಕಲೀತಾರೆ. ನೀವು ಈ ಬೆಂಚು ಕೊಯ್ದರೆ ಅದೂ ಒಂದು ಪಾಠಾನೇ. ನಾಳೆ ಹಾಜರಿ ಹೊತ್ತಿಗೆ ಬನ್ನಿ. ನೋಡಿ, ಆಮೇಲೆ ಗರಗಸ ಹಿಡೀರಿ."

ಬಡಗಿ ಮನೆಗೆ ಬಂದಾಗ ಅವನ ಅಮ್ಮ ಬಾಗಿಲಲ್ಲೇ ಕೂತಿದ್ದಳು. "ಊಟ ಮಾಡ್ತೀಯಾ?" ಎಂದು ತನ್ನ ತವರಿನ ಮಾತಿನಲ್ಲಿ ಕೇಳಿದಳು. "ಆಮೇಲೆ" ಎಂದು ಅವನು ಊರಿನ ಮಾತಿನಲ್ಲಿ ಹೇಳಿದ. ಮೂವತ್ತು ವರ್ಷದಿಂದ ತಾಯಿ ಮಗನ ಮಾತುಕತೆ ಹೀಗೇ. ಒಂದನೇ ಕ್ಲಾಸಿನಲ್ಲಿ ಹಾಜರಿ ಕರೆದಾಗ ಅವನು ಅಮ್ಮನ ಮಾತಿನಲ್ಲೇ "ಇದೀನಿ" ಎಂದುಬಿಟ್ಟಿದ್ದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಮೇಷ್ಟ್ರೂ ನಕ್ಕಿದ್ದರು. ಅಂದಿನಿಂದ ಆ ಮಾತು ಅವನ ನಾಲಿಗೆಯ ಮೇಲೆ ಬಂದಿರಲಿಲ್ಲ. ಪುಟ್ಟಿಗೂ ಕಲಿಸಕೂಡದು ಎಂದು ಅಮ್ಮನಿಗೆ ತಾಕೀತು ಮಾಡಿದ್ದ. ಪಾಪ, ಮುದುಕಿ ಹೂಂ ಎಂದು ತಲೆಯಾಡಿಸಿದ್ದಳು.

ಮರುದಿನ ಬಡಗಿ ಗರಗಸ ಹಿಡಿದು ಕ್ಲಾಸಿನ ಬಾಗಿಲ ಹೊರಗೆ ನಿಂತ. ಮೇಡಂ ಹಾಜರಿ ಪುಸ್ತಕ ತೆರೆದರು.

"ಇವತ್ತು ಯಾರ ಮನೆ ಮಾತು?"

"ಪುಟ್ಟಿ ಅಜ್ಜೀದು!" ಎಂದು ಮಕ್ಕಳೆಲ್ಲ ಕೂಗಿದರು.

ಆ ಕ್ಲಾಸಿನ ಪದ್ಧತಿಯೇ ಹಾಗೆ. ದಿನಕ್ಕೊಂದು ಮನೆಯ ಸರದಿ. ಆ ಮನೆಯ ಮಗು "ಇದೀನಿ" ಎನ್ನುವುದನ್ನು ತನ್ನ ಮನೆಯ ಮಾತಿನಲ್ಲಿ ಕಲಿಸಬೇಕು, ಅಂದು ಎಲ್ಲರೂ ಹಾಗೆಯೇ ಹಾಜರಿ ಹೇಳಬೇಕು. ನಿನ್ನೆ ಒಬ್ಬ ಹುಡುಗ ತನ್ನ ಕಿವಿ ಕೇಳದ ತಮ್ಮನ ಕೈಸನ್ನೆ ಕಲಿಸಿದ್ದ.

ಪುಟ್ಟಿ ಎದ್ದು ನಿಂತು ಆ ಪದ ಹೇಳಿದಳು. ಬಡಗಿ ಕತ್ತು ಚಾಚಿ ಕೇಳಿದ. ಅಮ್ಮ ಕದ್ದುಮುಚ್ಚಿ ಕಲಿಸಿದ್ದಾಳೆ! ಈಗ ನಗುತ್ತಾರೆ, ನನ್ನ ಮಗಳನ್ನೂ ನೋಡಿ ನಗುತ್ತಾರೆ ಎಂದುಕೊಂಡು ಗರಗಸದ ಹಿಡಿಯನ್ನು ಬಿಗಿಯಾಗಿ ಹಿಡಿದ.

"ಒಂದು," ಎಂದರು ಮೇಡಂ. ಮುಂದಿನ ಸಾಲಿನ ಹುಡುಗ ಎದ್ದು ಬಡಗಿಯ ಅಮ್ಮನ ಮಾತಿನಲ್ಲಿ "ಇದೀನಿ" ಎಂದ. ಎರಡು. ಮೂರು. ಒಬ್ಬರಾದ ಮೇಲೊಬ್ಬರು ಎದ್ದರು. ಮೂವತ್ತು ವರ್ಷ ಅವನು ಬಾಯೊಳಗೇ ಬಚ್ಚಿಟ್ಟಿದ್ದ ಮಾತನ್ನು ಹಲ್ಲು ಬಿದ್ದ ಪುಟ್ಟ ಬಾಯಿಗಳು ಜೋಪಾನವಾಗಿ ಹೇಳುತ್ತಿದ್ದವು. ಬಡಗಿ ಬೆರಗಾದ. ಅಮ್ಮನ ಮಾತು ಇಷ್ಟು ಇಂಪಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಮೂವತ್ತನಾಲ್ಕು." ಕೊನೆಯಲ್ಲಿ ಸೇರಿದ್ದರಿಂದ ಅದು ಹೊಸ ಹುಡುಗಿಯ ನಂಬರು. ಅವಳು ಎದ್ದಳು, ತಡವರಿಸಿದಳು, ತಪ್ಪು ಹೇಳಿದಳು. ಬಡಗಿ ಮಕ್ಕಳ ಮುಖ ನೋಡಿದ. ಯಾರೂ ನಗಲಿಲ್ಲ. ಒಬ್ಬರೂ ನಗಲಿಲ್ಲ! ಪುಟ್ಟಿ ಅವಳ ಕೈ ಹಿಡಿದು ನಿಧಾನವಾಗಿ ತುಟಿ ಆಡಿಸಿ ತೋರಿಸಿದಳು. ಹುಡುಗಿ ಇನ್ನೊಮ್ಮೆ ಹೇಳಿದಳು. ಸರಿಯಾಗಿ ಬಂತು.

ಮೇಡಂ ಪುಸ್ತಕ ಮುಚ್ಚಲಿಲ್ಲ. ಬಾಗಿಲ ಕಡೆ ನೋಡಿ, "ಮೂವತ್ತೈದು?" ಎಂದರು.

ಆ ಕ್ಲಾಸಿನಲ್ಲಿ ಮೂವತ್ತೈದನೇ ಮಗು ಇರಲಿಲ್ಲ. ಮಕ್ಕಳೆಲ್ಲ ತಿರುಗಿ ನೋಡಿದರು. ಬಡಗಿ ಒಂದು ಹೆಜ್ಜೆ ಒಳಗಿಟ್ಟ. ಎರಡು ಸಲ ಕೆಮ್ಮಿದ. ಆಮೇಲೆ, ತನ್ನ ಅಮ್ಮನ ಮಾತಿನಲ್ಲಿ, "ಇದೀನಿ" ಎಂದ.

"ಅಪ್ಪಂಗೂ ಬರುತ್ತೆ!" ಎಂದು ಪುಟ್ಟಿ ಚಪ್ಪಾಳೆ ತಟ್ಟಿದಳು.

ಅವನು ಗರಗಸವನ್ನು ಗೋಡೆಗೆ ಒರಗಿಸಿದ. ಆಟದ ಬಿಡುವಿನಲ್ಲಿ ಗೂಟ ಬಿಗಿದು, ಉಪ್ಪುಕಾಗದದಿಂದ ಪೆನ್ಸಿಲ್ ಗೆರೆಯನ್ನು ಗುರುತೂ ಉಳಿಯದಂತೆ ಉಜ್ಜಿದ. ಹುಡುಗಿಯರಿಬ್ಬರೂ ಕೂತು ಅಲ್ಲಾಡಿಸಿ ನೋಡಿದರು. ಬೆಂಚು ಕಿರ್ರೆನ್ನಲಿಲ್ಲ.

"ನಾಳೆ ನಿನ್ನ ಗೆಳತೀನ ಮನೆಗೆ ಕರ್ಕೊಂಡು ಬಾ," ಎಂದ ಪುಟ್ಟಿಗೆ.

ಮಧ್ಯಾಹ್ನ ಅಮ್ಮ ಎಂದಿನಂತೆ ಕೇಳಿದಳು, "ಊಟ ಮಾಡ್ತೀಯಾ?"

"ಹೂಂ ಅಮ್ಮ, ಹಸಿವಾಗ್ತಿದೆ," ಎಂದ ಮಗ, ಅವಳ ಮಾತಿನಲ್ಲೇ.

ಮುದುಕಿ ಅಲ್ಲೇ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏನಂದೆ ಮಗಾ? ಇನ್ನೊಂದ್ಸಲ ಹೇಳು."

ಅಪ್ಪಂದಿರೇ, ಅಮ್ಮಂದಿರೇ, ಇವತ್ತು ಸಂಜೆ ಮಗುವನ್ನು "ಎಷ್ಟು ಅಂಕ ಬಂತು?" ಎಂದು ಕೇಳುವ ಮೊದಲು, "ನಿನ್ನ ಪಕ್ಕ ಯಾರು ಕೂರ್ತಾರೆ?" ಎಂದು ಕೇಳಿ. ಆ ಮಗುವನ್ನು ಒಮ್ಮೆ ಮನೆಗೆ ಕರೆಯಿರಿ. ಯಾರ ಮಾತು, ಮೈಬಣ್ಣ, ಬಟ್ಟೆಯನ್ನೂ ಮಕ್ಕಳೆದುರು ಆಡಿಕೊಳ್ಳಬೇಡಿ. ಅವರು ಕಲಿಯುವುದು ನಿಮ್ಮನ್ನು ನೋಡಿಯೇ. ಶಿಕ್ಷಕರೇ, ನಿಮ್ಮ ಕ್ಲಾಸಿನಲ್ಲಿ ಎಷ್ಟು ಮನೆಗಳ ಮಾತಿದೆ ಎಂದು ಒಮ್ಮೆ ಕೇಳಿ ನೋಡಿ. ಹಾಜರಿ ಕರೆದಾಗ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಒಂದು ಮಗು ಮತ್ತೆ ಬಾಯಿ ತೆರೆಯಲು ಮೂವತ್ತು ವರ್ಷ ಬೇಕಾಗಬಾರದು.