ಹೊದಿಕೆಯೊಳಗಿನ ದಿಬ್ಬಣ

ಪಕ್ಕದ ಮನೆಯ ವಿತೊಮಿರ್ ಚಿಕ್ಕಪ್ಪ ಆ ವರ್ಷ ತನ್ನ ಹಳೇ ಕಾರನ್ನು ಚಳಿಗಾಲವಿಡೀ ಬಯಲಲ್ಲಿ ನಿಲ್ಲಿಸಬೇಕಾಗಿ ಬಂದದ್ದು ಒಂದು ಮಾತಿನಿಂದ. ಆಗಸ್ಟ್ ತಿಂಗಳಲ್ಲಿ, ಡ್ಯಾನ್ಯೂಬ್ ದಂಡೆಯ ಮೇಲೆ ಮೀನಿನ ಸಾರು ಕುದಿಯುತ್ತಿದ್ದಾಗ, ಮೂರನೆಯ ಲೋಟ ರಾಕಿಯಾ ಗಂಟಲಿಳಿದ ಮೇಲೆ, ಹೆಂಡತಿಯ ತಮ್ಮ ಸ್ರೆತೆನ್‌ಗೆ "ನಿನ್ನ ದೋಣಿ ಈ ಚಳಿಗಾಲ ನನ್ನ ಕೊಟ್ಟಿಗೇಲಿರ್ಲಿ" ಎಂದುಬಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಮರೆತೂ ಬಿಟ್ಟಿದ್ದ. ಸ್ರೆತೆನ್ ಮರೆಯಲಿಲ್ಲ. ಅಕ್ಟೋಬರ್ ಕೊನೆಗೆ ಮರದ ದೋಣಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಅಂಗಳಕ್ಕೆ ತಂದೇಬಿಟ್ಟ.

ನಾನು ಬೇಲಿಯ ಈಚೆ ನಮ್ಮ ಹಿತ್ತಲಲ್ಲಿ ಅಕ್ರೋಟು ಹೆಕ್ಕುತ್ತಿದ್ದೆ. ಜಗಳ ಕೇಳಿ ಬುಟ್ಟಿ ಕೆಳಗಿಟ್ಟೆ.

"ಕಾರನ್ನ ಎಲ್ಲಿಡ್ಲೋ? ನಿನ್ನ ತಲೆ ಮೇಲಾ?"

"ಅದು ನಿಮ್ಮ ತಲೆನೋವು ಭಾವ. ಕುಡಿದಿದ್ದು ಇಬ್ಬರೂ, ಮಾತು ಕೊಟ್ಟಿದ್ದು ನೀವೊಬ್ರೇ."

"ನೀರಲ್ಲಿರೋ ದೋಣಿಗೆ ಸೂರು, ರಸ್ತೆ ಮೇಲಿರೋ ಕಾರಿಗೆ ಬಯಲು! ಎಲ್ಲಾದ್ರೂ ಇದ್ಯಾ?"

"ಹಲಗೆ ಒಣಗ್ಬೇಕು ಭಾವ. ಹುಟ್ಟಿದಾಗಿಂದ ಒದ್ದೇಲೇ ಇರೋದಕ್ಕೆ ಒಂದು ಚಳಿಗಾಲ ಬೆಚ್ಚಗಿರೋ ಭಾಗ್ಯ ಬೇಡ್ವಾ?"

ಅಡುಗೆಮನೆಯ ಕಿಟಕಿಯಿಂದ ದೆಸಾಂಕಾ ಚಿಕ್ಕಮ್ಮ ತಲೆ ಹೊರಹಾಕಿದಳು. "ನೀವಿಬ್ರೂ ಹೊರಗೆ ಮಲಗಿ. ಆಗ ಎರಡೂ ಒಳಗೆ ಹಿಡಿಸ್ತವೆ."

ಆದರೆ ಮಾತು ಮಾತೇ. ಮರುದಿನ ಚಿಕ್ಕಪ್ಪ ಕಾರನ್ನು ಹೊರಗೆ ತಳ್ಳಿ, ಬಾಗಿಲು ಅಗಲಕ್ಕೆ ತೆರೆದು, ಭಾಮೈದನ ದೋಣಿಯನ್ನು ತಾನೇ ಹೆಗಲುಕೊಟ್ಟು ಒಳಗಿಟ್ಟ.

ಅದು ಅಂಥಿಂಥ ಕಾರಲ್ಲ. ಅರವತ್ತಾರನೇ ಇಸವಿಯ ಜಾಸ್ತವಾ; ಮೈ ಕೆನೆಹಾಲಿನ ಬಣ್ಣ, ಸೀಟು ಕೆಂಪು. ಚಿಕ್ಕಪ್ಪ ವಾರವೆಲ್ಲ ಓಡಿಸುತ್ತಿದ್ದದ್ದು ಬೇಕರಿಯ ವ್ಯಾನು. ಭಾನುವಾರ ಮಾತ್ರ ಕರೀ ಕೋಟು ತೊಟ್ಟು, ಈ ಕಾರಿನಲ್ಲಿ ಮದುಮಗಳನ್ನು ಚರ್ಚಿಗೆ ಕರೆದೊಯ್ಯುತ್ತಿದ್ದ. ಮೂವತ್ತು ವರ್ಷಗಳಲ್ಲಿ ನಮ್ಮೂರಿನಿಂದ ಮದುವೆಯಾಗಿ ಹೋದ ಹೆಂಗಸರಲ್ಲಿ ಆ ಕೆಂಪು ಸೀಟಿನ ಮೇಲೆ ಕೂರದವರು ಕಡಿಮೆ. "ಗಂಡ ಹೇಗೇ ಇರ್ಲಿ, ಕಾರು ಚೆನ್ನಾಗಿತ್ತು" ಎನ್ನುತ್ತಿದ್ದಳು ನನ್ನಮ್ಮ.

ನವೆಂಬರಿನ ಮೊದಲ ವಾರ ಪೂರ್ತಿ ಚಿಕ್ಕಪ್ಪ ಕಾರನ್ನು ಮಲಗಿಸುವ ಕೆಲಸದಲ್ಲಿದ್ದ. ಆಗ್ನೇಯದಿಂದ ನದಿಗುಂಟ ನುಗ್ಗುವ ಕೊಶಾವಾ ಗಾಳಿ ನಮ್ಮಲ್ಲಿ ಒಮ್ಮೆ ಹಿಡಿದರೆ ಮೂರು ದಿನ ಬಿಡುವುದಿಲ್ಲ, ಕೆಲವು ಸಲ ಏಳು. ಹಾಗಾಗಿ ಮನೆಯ ಗೋಡೆಗೂ ಬಾವಿಗೂ ನಡುವಿನ ಮರೆಯನ್ನು ಆರಿಸಿಕೊಂಡ. ನೆಲದ ತೇವ ಮೇಲೇರದಂತೆ ಹಲಗೆ ಹಾಸಿದ. ಕಾರನ್ನು ತೊಳೆದು, ಒಣಗಿಸಿ, ಮೇಣ ತಿಕ್ಕಿದ. ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ಒಳಗೆ ನೀರು ಕೂರುತ್ತದೆಂದು ಪೆಟ್ರೋಲನ್ನು ಕಂಠದವರೆಗೂ ತುಂಬಿಸಿದ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ತೂತಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟ. ಎಳೆಗೂಸಿಗೆ ಔಷಧ ಕುಡಿಸುವವನ ಹಾಗೆ ಬಾಯಿ ತೆರೆದುಕೊಂಡು. ಆಮೇಲೆ ನಾಲ್ಕು ಓಕ್ ದಿಮ್ಮಿಗಳ ಮೇಲೆ ಕಾರನ್ನು ಎತ್ತಿ ಕೂರಿಸಿದ. ಚಕ್ರಗಳು ನೆಲದಿಂದ ಒಂದು ಗೇಣು ಮೇಲೆ ನಿಂತವು. ಬ್ಯಾಟರಿ ಬಿಚ್ಚಿ ಉಗ್ರಾಣಕ್ಕೆ, ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿಯ ಪಕ್ಕಕ್ಕೆ ಹೋಯಿತು.

ತಪ್ಪು ತೀರಿಸಿಕೊಳ್ಳಲು ಸ್ರೆತೆನ್ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಟಾರ್ಪಾಲು ತಂದ.

"ತಗೊಂಡ್ಹೋಗಿ ನಿನ್ನ ದೋಣಿಗೇ ಹೊದಿಸು" ಎಂದ ಚಿಕ್ಕಪ್ಪ. "ಪ್ಲಾಸ್ಟಿಕ್ ಹೊದಿಸಿದ್ರೆ ಒಳಗೆ ಬೆವರುತ್ತೆ. ಚಳಿ ಕಾರನ್ನ ಕೊಲ್ಲಲ್ಲ ಕಣೋ. ಬೆವರು ಕೊಲ್ಲುತ್ತೆ."

ಚಿಕ್ಕಮ್ಮ ಪೆಟ್ಟಿಗೆ ತೆಗೆದಳು. ಅವಳಜ್ಜಿ ನೇಯ್ದ ಸೆಣಬಿನ ದಪ್ಪ ಹಾಸುಬಟ್ಟೆಗಳು ಏಳು ಇದ್ದವು. ಎರಡು ದಿನ ಕೂತು ಅವನ್ನು ಒಂದಕ್ಕೊಂದು ಹೊಲಿದಳು, ಒಳಗಡೆ ಮೈಗೆ ತಾಗುವಲ್ಲಿ ಫ್ಲಾನಲ್ ಇಟ್ಟಳು. ಹೊದಿಸಿ, ಅಡಿಯಿಂದ ಪಟ್ಟಿ ಹಾಕಿ ಬಿಗಿದ ಮೇಲೆ ಬಾವಿಯ ಪಕ್ಕ ಬಿಳಿ ಆನೆಯೊಂದು ಮೊಣಕಾಲೂರಿ ಕೂತ ಹಾಗಿತ್ತು.

ಡಿಸೆಂಬರಿನಲ್ಲಿ ಹಿಮ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ. ಊರು ಸದ್ದು ಕಳೆದುಕೊಂಡಿತು. ನದಿ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಚಿಕ್ಕಪ್ಪ ದಿನಾ ಮಧ್ಯಾಹ್ನ ಪೊರಕೆ ಹಿಡಿದು ಹೊದಿಕೆಯ ಮೇಲಿನ ಹಿಮ ಗುಡಿಸಲು ಹೋಗುತ್ತಿದ್ದ. ಹೋದವನು ಬರುತ್ತಿರಲಿಲ್ಲ. ಒಂದು ದಿನ ಚಿಕ್ಕಮ್ಮ ಹುಡುಕಿಕೊಂಡು ಹೋದರೆ, ಹೊದಿಕೆಯ ಒಂದು ಅಂಚು ಬಿಚ್ಚಿತ್ತು. ಒಳಗೆ ಸ್ಟೀರಿಂಗಿನ ಮುಂದೆ, ಕುರಿಚರ್ಮದ ಟೋಪಿ ಹಾಕಿಕೊಂಡು ಗಂಡ ಕೂತಿದ್ದ. ಕಣ್ಣು ಮುಚ್ಚಿತ್ತು.

"ಏನ್ಮಾಡ್ತಿದೀಯ?"

"ಏನಿಲ್ಲ. ಇಲ್ಲಿ ಬೆಳಕು ಚೆನ್ನಾಗಿದೆ."

ನಿಜವಾಗಿಯೂ ಚೆನ್ನಾಗಿತ್ತು. ನಾನೂ ಒಮ್ಮೆ ಕೂತು ನೋಡಿದ್ದೆ. ಹೊರಗಿನ ಹಿಮದ ಬೆಳಕು ಬಟ್ಟೆಯೊಳಗೆ ಸೋಸಿ ಬಂದು, ಮೊಟ್ಟೆಯೊಳಗೆ ಕೂತು ಬಿಸಿಲು ನೋಡಿದ ಹಾಗೆ ಇರುತ್ತಿತ್ತು. ಗಾಳಿ ಬಂದಾಗ ಬಟ್ಟೆ ಮೆಲ್ಲಗೆ ಉಸಿರಾಡುತ್ತಿತ್ತು. ಹಳೇ ಚರ್ಮ, ಮೇಣ, ಇಲಿ ಬಾರದಿರಲೆಂದು ಇಟ್ಟ ಪುದೀನ, ಎಲ್ಲ ಸೇರಿ ಒಂದು ವಾಸನೆ. ಸ್ವಲ್ಪ ಹೊತ್ತು ಕೂತರೆ ಕಾರು ಚಲಿಸುತ್ತಿದೆ ಅನ್ನಿಸುತ್ತಿತ್ತು.

ಜನವರಿ ಮಧ್ಯದಲ್ಲಿ ದುನ್ಯಾ ಬಂದಳು.

ದುನ್ಯಾ ನನ್ನ ಗೆಳತಿ. ಅವಳ ಹೆಸರಿನ ಅರ್ಥ ಸೀಮೆದಾಳಿಂಬೆ ಹಣ್ಣು, ನನ್ನ ಹೆಸರು ಯಾಗೊದಾ, ಅಂದರೆ ಸ್ಟ್ರಾಬೆರಿ. ಶಾಲೆಯಲ್ಲಿ ನಮ್ಮಿಬ್ಬರನ್ನೂ ಸೇರಿಸಿ "ಹಣ್ಣಿನ ಬುಟ್ಟಿ" ಎನ್ನುತ್ತಿದ್ದರು. ಅವಳು ಮದುವೆಯಾಗಲಿದ್ದ ರೆಲ್ಯಾ ನದಿಯ ಸರಕುದೋಣಿಯಲ್ಲಿ ದುಡಿಯುವವನು. ಫೆಬ್ರವರಿಯಿಂದ ಡಿಸೆಂಬರಿನವರೆಗೆ ವಿಯೆನ್ನಾಕ್ಕೂ ಕಪ್ಪು ಸಮುದ್ರಕ್ಕೂ ನಡುವೆ ತೇಲುತ್ತಿರುತ್ತಾನೆ. ಅವನ ದೋಣಿ ದುರಸ್ತಿಗೆ ನಿಲ್ಲುವುದು ಜನವರಿಯಲ್ಲಿ ಮಾತ್ರ. ಹಾಗಾಗಿ ತಿಂಗಳ ಕೊನೆಯ ಭಾನುವಾರ ಮದುವೆ.

ಅವಳು ಬೂಟಿನ ಹಿಮ ಕೊಡವಿ ಅಡುಗೆಮನೆಯಲ್ಲಿ ಕೂತಳು. ನಾನೂ ಜೊತೆಗಿದ್ದೆ. ಚಿಕ್ಕಮ್ಮ ಕಾಫಿ ಇಟ್ಟಳು.

"ಚಿಕ್ಕಪ್ಪ, ನಾನು ಎಂಟು ವರ್ಷದೋಳಿದ್ದಾಗ ನೀವೊಂದು ಮಾತು ಹೇಳಿದ್ರಿ, ನೆನಪಿದ್ಯಾ?"

"ಅಯ್ಯೋ ದೇವ್ರೇ" ಎಂದಳು ಚಿಕ್ಕಮ್ಮ. "ಇನ್ನೊಂದು ಮಾತಾ!"

"'ನಿನ್ನಮ್ಮನ್ನ ಕರ್ಕೊಂಡ್ ಹೋಗಿದ್ದು ನಾನೇ, ನಿನ್ನನ್ನೂ ಕರ್ಕೊಂಡ್ ಹೋಗೋದು ನಾನೇ' ಅಂದಿದ್ರಿ."

ಚಿಕ್ಕಪ್ಪ ಕಾಫಿ ಲೋಟವನ್ನೇ ನೋಡುತ್ತಿದ್ದ. "ಅಂದಿದ್ದೆ" ಎಂದ ಕೊನೆಗೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ನಮಗೆಲ್ಲ ಗೊತ್ತಿತ್ತು. ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿದಿದ್ದರು; ಉಪ್ಪು ತಾಗಿದರೆ ಕಾರಿಗೆ ತುಕ್ಕು ಹಿಡಿಯುತ್ತದೆ. ಮೂವತ್ತು ವರ್ಷ ಆ ಕಾರಿನ ಹೊಟ್ಟೆಗೆ ಉಪ್ಪು ಸೋಕದ ಹಾಗೆ ಅವನು ಕಾಪಾಡಿಕೊಂಡು ಬಂದಿದ್ದ.

"ಆಗಲ್ಲ ಅಂದ್ರೆ ಪರವಾಗಿಲ್ಲ ಚಿಕ್ಕಪ್ಪ."

"ಆಗುತ್ತೆ" ಎಂದ. "ಯಾಕಾಗಲ್ಲ?"

ಮದುವೆಗೆ ಎರಡು ದಿನವಿದ್ದಾಗ, ದುನ್ಯಾ ಮತ್ತು ನಾನು ಮದುವೆಗೆ ಬಂದವರ ಎದೆಗೆ ಸಿಕ್ಕಿಸುವ ರೋಸ್‌ಮೆರಿ ಕಡ್ಡಿ ಕೇಳಲು ಚಿಕ್ಕಮ್ಮನ ಬಳಿ ಬಂದೆವು. ಬಾವಿಯ ಪಕ್ಕ ಚಿಕ್ಕಪ್ಪ ಹಿಮದಲ್ಲಿ ಹೊಟ್ಟೆಯೂರಿ ಮಲಗಿದ್ದ. ಬೆಳಗಿನಿಂದ ಅದೇ ಕೆಲಸವಂತೆ. ಓಕ್ ದಿಮ್ಮಿ ಹಲಗೆಗೂ, ಹಲಗೆ ನೆಲಕ್ಕೂ ಹೆಪ್ಪುಗಟ್ಟಿ ಅಂಟಿಕೊಂಡಿದ್ದವು. ಕೆಟಲಿನಿಂದ ಬಿಸಿನೀರು ಹುಯ್ಯುವುದು, ಸುತ್ತಿಗೆಯಿಂದ ಬಡಿಯುವುದು, ಮತ್ತೆ ಹುಯ್ಯುವುದು. ನೀರು ಹುಯ್ದ ಜಾಗ ಅವನ ಕಣ್ಣೆದುರೇ ಮತ್ತೆ ಕಲ್ಲಾಗುತ್ತಿತ್ತು. ಬೆರಳು ಬೀಟ್‌ರೂಟಿನ ಹಾಗೆ ಕೆಂಪಾಗಿದ್ದವು.

ದುನ್ಯಾ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಬಿಡಿ ಚಿಕ್ಕಪ್ಪ."

"ಇನ್ನೊಂದೇ ದಿಮ್ಮಿ."

"ನಾಲ್ಕೂ ಅಲ್ಲೇ ಇವೆ, ನನಗೆ ಕಾಣ್ತಿದೆ. ಬಿಡಿ. ಕಾರು ನನ್ನ ಹತ್ರ ಬರೋದು ಬೇಡ. ನಾನೇ ಅದರ ಹತ್ರ ಬರ್ತೀನಿ."

"ಬಂದು?"

"ಕೂತ್ಕೋತೀನಿ. ನೀವು ಓಡ್ಸಿ."

ಚಿಕ್ಕಪ್ಪ ಎದ್ದು ಕೂತು ಅವಳ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಎಂದು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಾಳಿ ನಿಂತಿತ್ತು. ಹಿಮ ಮಾತ್ರ, ದೊಡ್ಡ ದೊಡ್ಡ ಹಳುಕುಗಳಾಗಿ, ಬೀಳಲೋ ಬೇಡವೋ ಎನ್ನುವಂತೆ ಇಳಿಯುತ್ತಿತ್ತು. ಮುಂದೆ ಬಾವುಟ ಹಿಡಿದವನು, ಅವನ ಹಿಂದೆ ತುತ್ತೂರಿಯವರು, ಅವರ ಹಿಂದೆ ಬಿಳಿ ಬಟ್ಟೆಯ ಮೇಲೆ ಅಪ್ಪನ ಉಣ್ಣೆಕೋಟು ಹೊದ್ದ ದುನ್ಯಾ. ದಿಬ್ಬಣ ಚರ್ಚಿನ ದಾರಿ ಬಿಟ್ಟು ವಿತೊಮಿರ್ ಚಿಕ್ಕಪ್ಪನ ಅಂಗಳಕ್ಕೆ ತಿರುಗಿತು. "ದಾರಿ ತಪ್ಪಿತೇನ್ರೋ? ಈಗಲೇ ಕುಡಿದಿದೀರಾ?" ಎಂದು ಎದುರುಮನೆಯ ಮುದುಕಿ ಕಿಟಕಿ ತೆಗೆದು ಕೂಗಿದಳು.

ಚಿಕ್ಕಪ್ಪ ಕರೀ ಕೋಟಿನಲ್ಲಿ ನಿಂತಿದ್ದ. ಗಡ್ಡ ಬೋಳಿಸಿ, ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಹೊದಿಕೆಯನ್ನು ತೆಗೆದಿರಲಿಲ್ಲ. ಒಂದು ಬದಿಯ ಅಂಚನ್ನು ಡೇರೆಯ ಬಾಗಿಲಿನ ಹಾಗೆ ಎತ್ತಿ ಹಿಡಿದ. ಮೊದಲು ದುನ್ಯಾ, ಆಮೇಲೆ ರೆಲ್ಯಾ ಬಗ್ಗಿ ಒಳಗೆ ಹೋದರು. ಮದುಮಗಳ ಸಾಕ್ಷಿಯಾದ್ದರಿಂದ ನನಗೆ ಮುಂದಿನ ಸೀಟು. ಚಿಕ್ಕಪ್ಪ ಕೂತು ಬಾಗಿಲು ಎಳೆದುಕೊಂಡ. ಹೊರಗಿನಿಂದ ಯಾರೋ ಅಂಚು ಇಳಿಬಿಟ್ಟರು.

ಒಳಗೆ ಆ ಬೆಳಕು. ದುನ್ಯಾಳ ಬಟ್ಟೆ, ಮುಖ, ಎಲ್ಲ ಹಾಲಿನೊಳಗೆ ಮುಳುಗಿದ ಹಾಗೆ ಕಾಣುತ್ತಿತ್ತು.

ಚಿಕ್ಕಪ್ಪ ಕನ್ನಡಿ ಸರಿಮಾಡಿಕೊಂಡ. ಬೀಗದ ಕೈ ತಿರುಗಿಸಿದ. ಸದ್ದೇನೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಗೇರು ಹಾಕಿದ.

"ಮೇ ತಿಂಗಳು" ಎಂದ. "ಗಾಜು ಇಳಿಸಿಕೊಳ್ಳಿ, ಸೆಖೆ ಇದೆ. ನಿಮ್ಮ ಮನೆ ಬಿಟ್ವಿ. ನಿಮ್ಮಪ್ಪ ಗೇಟ್ ಹತ್ರ ನಿಂತು ಅಳ್ತಿದಾನೆ, ನೋಡ್ಬೇಡ, ನೋಡಿದ್ರೆ ಇನ್ನೂ ಅಳ್ತಾನೆ. ಇದು ಹಿಟ್ಟಿನ ಗಿರಣಿ. ಇಲ್ಲಿ ರಸ್ತೆ ಕೆಟ್ಟಿದೆ, ಹಿಡ್ಕೊಳಿ."

ನಾವು ಮೂವರೂ ಹಿಡಿದುಕೊಂಡೆವು. ಆಣೆ ಮಾಡಿ ಹೇಳುತ್ತೇನೆ, ಕಾರು ಕುಲುಕಿತು.

"ಪಾಪ್ಲರ್ ಸಾಲು. ನೆರಳು, ಬಿಸಿಲು, ನೆರಳು, ಬಿಸಿಲು. ನಿನ್ನಮ್ಮ ಇಲ್ಲಿ ಹೂಗುಚ್ಛ ಹೊರಗೆ ಚಾಚಿ ಕೂತಿದ್ಲು. ಈಗ ಏರಿ ಮೇಲೆ ಬಂದ್ವಿ. ಎಡಗಡೆ ನದಿ. ಅಕೇಶಿಯಾ ಹೂ ಬಿಟ್ಟಿದೆ, ವಾಸನೆ ಬಂತಾ?"

"ಬಂತು" ಎಂದ ರೆಲ್ಯಾ, ಯಾವತ್ತೂ ಹೆಚ್ಚು ಮಾತಾಡದವನು. "ಒಂದು ಸರಕುದೋಣಿ ಹೋಗ್ತಿದೆ ಚಿಕ್ಕಪ್ಪ. ಹಾರ್ನ್ ಹೊಡೀತಿದಾರೆ ನಮಗೆ."

"ಹೊಡೀಲಿ. ನಾವೂ ಹೊಡೆಯೋಣ."

ಅವನು ಸ್ಟೀರಿಂಗಿನ ನಡುವೆ ಅಂಗೈ ಒತ್ತಿದ. ಅದೇ ಗಳಿಗೆಗೆ ಹೊರಗೆ, ಚಳಿಯಲ್ಲಿ ಕಾದು ಸಾಕಾಗಿದ್ದ ತುತ್ತೂರಿಯವನೊಬ್ಬ ತುಟಿ ಬಿಸಿಮಾಡಿಕೊಳ್ಳಲು ಒಂದು ಉದ್ದ ಸ್ವರ ಊದಿದ. ದುನ್ಯಾ ಬೆಚ್ಚಿ, ಮರುಕ್ಷಣ ನಕ್ಕು, ನಗುತ್ತಲೇ ಅಳತೊಡಗಿದಳು.

ದ್ರಾಕ್ಷಿತೋಟದ ಏರು ಹತ್ತಿದೆವು. ಎರಡನೇ ಗೇರು, ಮೂರನೇ ಗೇರು. ಮೇಲಿನಿಂದ ಊರನ್ನು ಒಮ್ಮೆ ನೋಡಿದೆವು. ಚರ್ಚಿನ ಮುಂದೆ ಚಿಕ್ಕಪ್ಪ ನಿಧಾನಕ್ಕೆ ಬ್ರೇಕ್ ಒತ್ತಿ, ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದ. ಹೊದಿಕೆಯ ಅಂಚು ಎತ್ತಿದ. ಹೊರಗೆ ಜನವರಿ ಇತ್ತು, ಹೆಗಲ ಮೇಲೆ ಹಿಮ ಹೊತ್ತ ನೆಂಟರಿದ್ದರು. ದುನ್ಯಾ ಇಳಿದವಳೇ ಅವನ ಕೆನ್ನೆಗೆ ಮೂರು ಸಲ ಮುತ್ತಿಟ್ಟಳು. ಯಾರೂ ಒಂದು ಗೇಲಿಮಾತೂ ಆಡಲಿಲ್ಲ. ನಮ್ಮೂರಿನ ಮಟ್ಟಿಗೆ ಅದು ದೊಡ್ಡ ವಿಷಯ. ಸ್ರೆತೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಅಲ್ಲಿಂದ ಎಲ್ಲರೂ ಹಿಮ ತುಳಿದುಕೊಂಡು, ಹಾಡುತ್ತ, ನಡೆದೇ ಚರ್ಚಿಗೆ ಹೋದೆವು.

ಚಿಕ್ಕಪ್ಪ ಚಿಕ್ಕಮ್ಮ ಮಾತ್ರ ಚರ್ಚಿನಲ್ಲಿ ಕಾಣಲಿಲ್ಲ. ಎಲ್ಲಿದ್ದರೆಂದು ನನಗೆ ತಿಳಿದದ್ದು ಏಪ್ರಿಲಿನಲ್ಲಿ. ಅಷ್ಟು ಹೊತ್ತಿಗೆ ದುನ್ಯಾ ಗಂಡನ ಜೊತೆ ದೋಣಿ ಹತ್ತಿ ಹೋಗಿದ್ದಳು. ಚಿಕ್ಕಪ್ಪ ಹೊದಿಕೆ ಮಡಿಸಿ, ಬ್ಯಾಟರಿ ಜೋಡಿಸಿ, ಕಾರನ್ನು ದಿಮ್ಮಿಯಿಂದಿಳಿಸಿದ್ದ. ಒಂದು ಚುಕ್ಕೆ ತುಕ್ಕಿಲ್ಲದೆ, ಮೂರನೇ ಸಲಕ್ಕೆ ಎಂಜಿನ್ ಎದ್ದಿತ್ತು. ಅವನು ರಸ್ತೆಯಲ್ಲಿ ಒಂದು ಸುತ್ತು ಹೋಗಿದ್ದಾಗ ಚಿಕ್ಕಮ್ಮ ಬೇಲಿಗೆ ಒರಗಿ ಹೇಳಿದಳು.

"ಆವತ್ತು ನೀವೆಲ್ಲ ಹೋದ್ಮೇಲೆ ಇವನು ಹೊದಿಕೆ ಬಿಗಿಯೋಕೆ ಬಗ್ಗಿದ. ನನಗೇನನ್ನಿಸ್ತೋ ಏನೋ, ಒಳಗೆ ಹೋಗಿ ಹಿಂದಿನ ಸೀಟಲ್ಲಿ ಕೂತ್ಬಿಟ್ಟೆ. ನಾನು ಮದುವೆಯಾದಾಗ ಇವನ ಹತ್ರ ಸೈಕಲ್ಲೂ ಇರ್ಲಿಲ್ಲ ಕಣೇ. ಜೋಳದ ಗಾಡಿ ಮೇಲೆ ಹೋದೋಳು ನಾನು. ಆಮೇಲೆ ಕಾರು ಬಂತು, ಹಿಂದಿನ ಸೀಟು ಮದುಮಕ್ಕಳಿಗೆ, ನಾನು ಯಾವಾಗ್ಲೂ ಮುಂದೆ."

"ಚಿಕ್ಕಪ್ಪ ಏನಂದ್ರು?"

"ಏನಂತಾನೆ? ಬಂದು ಮುಂದೆ ಕೂತ. ಕನ್ನಡೀಲಿ ನೋಡಿ, 'ಎಲ್ಲಿಗೆ ಅಮ್ಮಾವ್ರೇ?' ಅಂದ. 'ಸಮುದ್ರಕ್ಕೆ' ಅಂದೆ. 'ದೂರ ಇದೆ' ಅಂದ. 'ಇರ್ಲಿ' ಅಂದೆ. ಹೊರಟ್ವಿ. ಸೇತುವೆ ದಾಟಿದ್ವಿ, ಬೆಟ್ಟ ಹತ್ತಿದ್ವಿ, ಅವನು ಒಂದೊಂದೂ ಹೇಳ್ತಾ ಇದ್ದ. ಯಾವ್ದೋ ಸುರಂಗ ಬಂತು ಅಂದಾಗ ನಂಗೆ ಜೊಂಪು ಹತ್ತಿತು. ಎಚ್ಚರ ಆದಾಗ ಚರ್ಚಿನ ಗಂಟೆ ಹೊಡೆದು ನಿಂತಿತ್ತು. 'ಸಮುದ್ರ ಬಂತಾ?' ಅಂದೆ."

ರಸ್ತೆಯ ತಿರುವಿನಲ್ಲಿ ಕಾರಿನ ಸದ್ದು ಕೇಳಿಸಿತು. ಚಿಕ್ಕಮ್ಮ ಅತ್ತ ನೋಡಿದಳು, ಕೆನ್ನೆ ಸ್ವಲ್ಪ ಕೆಂಪಾಗಿತ್ತು.

"'ಆಗಲೇ ಬಂತು, ದಂಡೇಲಿ ನಿಲ್ಲಿಸಿದೀನಿ. ಇಳೀತೀಯಾ, ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀಯಾ?' ಅಂದ. ಕೂತಿರ್ತೀನಿ ಅಂದೆ."